ಬ್ಲರ್ ಅಲ್ಲ, ಓಯಸಿಸ್ ಅಲ್ಲ, ನನ್ನ ವೋಟು ಬ್ರಿಸ್ಟಲ್‌ಗೆ

ತೊಂಬತ್ತರ ದಶಕದ ಬೆಸ್ಟ್ ಬ್ರಿಟಿಷ್ ಆಲ್ಬಮ್ ಯಾವುದು? ಇಂಗ್ಲೆಂಡಿನ ಯಾವುದಾದರೂ ಆಫೀಸಿನಲ್ಲಿ, ನಲವತ್ತೈದು ದಾಟಿದ ಗಂಡಸರ ಮುಂದೆ ಈ ಪ್ರಶ್ನೆ ಎಸೆದು ನೋಡಿ. ಆವತ್ತು ಮಧ್ಯಾಹ್ನದ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಮನೆ ಸಾಲ, ಮಕ್ಕಳ ಓದು, ಬೆನ್ನು ನೋವು ಯಾವುದರ ಬಗ್ಗೆಯೂ ತುಟಿ ಬಿಚ್ಚದ ಮನುಷ್ಯ ಓಯಸಿಸ್ ಬ್ಯಾಂಡಿನ ಮೂರನೇ ಆಲ್ಬಮ್ ಯಾಕೆ ಹಾಳಾಯ್ತು ಅಂತ ಅರ್ಧ ಗಂಟೆ ಭಾಷಣ ಮಾಡುತ್ತಾನೆ. ಪಕ್ಕದವನು ಅದನ್ನು ಒಂದೇ ಮಾತಿನಲ್ಲಿ ಕತ್ತರಿಸಿ ಹಾಕುತ್ತಾನೆ. ಇಬ್ಬರೂ ಸಂಜೆ ಒಟ್ಟಿಗೇ ಪಬ್ಬಿಗೆ ಹೋಗುತ್ತಾರೆ, ಅಲ್ಲಿ ಮತ್ತೆ ಶುರು.

ನಾನಿರುವುದು ಬ್ರಿಸ್ಟಲ್‌ನಲ್ಲಿ, ಬೆಳೆದದ್ದು ಹಾಸನದಲ್ಲಿ. ನಮ್ಮಲ್ಲೂ ಹಾಡಿನ ಬಗ್ಗೆ ಜಗಳ ಕಡಿಮೆ ಇರಲಿಲ್ಲ. ಆದರೆ ನಾವು ಜಗಳ ಆಡುತ್ತಿದ್ದದ್ದು ಒಂದೊಂದು ಹಾಡಿನ ಮೇಲೆ, ಇಲ್ಲಾಂದ್ರೆ ಹಾಡಿದವರ ಮೇಲೆ. ಅದಕ್ಕೆ ಕ್ಯಾಸೆಟ್ಟೇ ಕಾರಣ ಅನ್ನಿಸುತ್ತೆ. ಎ ಸೈಡಿನಲ್ಲಿ ಒಂದು ಸಿನಿಮಾ, ಬಿ ಸೈಡಿನಲ್ಲಿ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಸಿನಿಮಾ. ಅದೂ ಬೇಡ ಅಂದರೆ ಒಂದು ಖಾಲಿ ಕ್ಯಾಸೆಟ್, ಚೀಟಿಯಲ್ಲಿ ಬರೆದ ಹಾಡಿನ ಪಟ್ಟಿ, ಎರಡನ್ನೂ ಅಂಗಡಿಯವನ ಕೈಗೆ ಕೊಟ್ಟರೆ ಆಯ್ತು, ತುಂಬಿಸಿಕೊಡುತ್ತಿದ್ದ. ಹಾಡುಗಳ ಕ್ರಮ ನಮ್ಮದೇ. ಹತ್ತು ಹಾಡುಗಳನ್ನು ಒಬ್ಬರು ಯೋಚಿಸಿ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ, ಮೊದಲನೆಯದು ಹತ್ತನೆಯದಕ್ಕೆ ದಾರಿ ಮಾಡಿಕೊಡುತ್ತದೆ ಎನ್ನುವುದು ನಮಗೆ ಗೊತ್ತಾದದ್ದು ಭಾವಗೀತೆಗಳಿಂದ. 1978ರಲ್ಲಿ ಬಂದ ನಿತ್ಯೋತ್ಸವ ಹಾಗೆ ಬಂದ ಕ್ಯಾಸೆಟ್. ನಿಸಾರ್ ಅಹಮದ್ ಕವಿತೆಗಳು, ಮೈಸೂರು ಅನಂತಸ್ವಾಮಿ ರಾಗ. ಆಮೇಲೆ ಅಶ್ವಥ್ ಬಂದರು, ಮೈಸೂರು ಮಲ್ಲಿಗೆ ಮನೆಮನೆಗೂ ಹೋಯಿತು. ಆದರೂ ನಿತ್ಯೋತ್ಸವ ಮೇಲೋ ಮೈಸೂರು ಮಲ್ಲಿಗೆ ಮೇಲೋ ಅಂತ ಇಡೀ ಕ್ಯಾಸೆಟ್ಟಿಗೆ ಇಡೀ ಕ್ಯಾಸೆಟ್ಟನ್ನೇ ಎದುರಿಟ್ಟು ಯಾರಾದರೂ ವಾದ ಮಾಡಿದ್ದು ನಾನು ಕೇಳಿಲ್ಲ. ಇಲ್ಲಿನ ಕನ್ನಡ ಕೂಟದಲ್ಲಿ ಒಮ್ಮೆ ಆ ಮಾತು ತೆಗೆದೆ. ಹಿರಿಯರೊಬ್ಬರು ತಕ್ಷಣ "ಇಬ್ಬರೂ ಎರಡು ಕಣ್ಣು ಇದ್ದಂಗೆ ಬಿಡಪ್ಪಾ" ಅಂದರು. ಮಾತು ಮುಗಿಯಿತು, ಎಲ್ಲರೂ ಬಿಸಿಬೇಳೆಬಾತ್ ಕಡೆ ತಿರುಗಿದರು.

ಇಲ್ಲಿ ಹಾಗೆ ಹೇಳಿ ಬಚಾವಾಗಲು ಬಿಡುವುದಿಲ್ಲ. ಒಂದು ಆಲ್ಬಮ್ ಇಷ್ಟ ಅಂದರೆ ಅದರಲ್ಲಿ ಕಳಪೆ ಹಾಡು ಯಾವುದು ಅಂತಲೂ ಹೇಳಬೇಕು. ರೇಡಿಯೊಹೆಡ್‌ನ ಓಕೆ ಕಂಪ್ಯೂಟರ್ 1997ರದ್ದು, ಯಾವ ಪಟ್ಟಿ ತೆಗೆದರೂ ಮೇಲೆಯೇ ಇರುತ್ತೆ. ಅದರ ನಟ್ಟ ನಡುವೆ, ಏಳನೆಯದಾಗಿ, ಹಾಡೇ ಅಲ್ಲದ ಒಂದು ತುಣುಕಿದೆ. ಆಪಲ್ ಕಂಪ್ಯೂಟರಿನ ಯಂತ್ರದ ದನಿ, ಚೆನ್ನಾಗಿ ಬದುಕುವುದು ಹೇಗೆ ಅಂತ ಎರಡು ನಿಮಿಷ ಸಪ್ಪೆಯಾಗಿ ಪಟ್ಟಿ ಓದುತ್ತದೆ. ಮುಕ್ಕಾಲು ಪಾಲು ಜನ ಅದನ್ನು ಹಾರಿಸುತ್ತಾರೆ. ಅದನ್ನು ತೆಗೆದುಬಿಡಬಹುದಿತ್ತು ಅಂದರೆ ಮಾತ್ರ ಅವರೇ ಮೈಮೇಲೆ ಬೀಳುತ್ತಾರೆ. ಅದಿಲ್ಲದೆ ಮುಂದಿನ ಹಾಡಿನ ಅಬ್ಬರಕ್ಕೆ ಬೆಲೆಯೇ ಇಲ್ಲವಂತೆ. ತಾವೇ ಕೇಳದೆ ಹಾರಿಸುವ ತುಣುಕಿನ ಪರವಾಗಿ ಇಷ್ಟು ಜೋರಾಗಿ ವಕಾಲತ್ತು ಮಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದು ನನಗೆ ತುಂಬಾ ಇಷ್ಟ. ನಾವು ದೊಡ್ಡವರ ಕೆಲಸಕ್ಕೆ ಕೈ ಮುಗಿದು ಸುಮ್ನಾಗುತ್ತೇವೆ. ಇವರು ಅದನ್ನು ಬಿಚ್ಚಿ, ಸ್ಕ್ರೂ ಸ್ಕ್ರೂ ಲೆಕ್ಕ ಹಾಕಿ, ಮತ್ತೆ ಜೋಡಿಸುತ್ತಾರೆ.

ಆದರೆ ಇವರ ಜಗಳಕ್ಕೂ ಒಂದು ಕುರುಡಿದೆ. ಯಾರು ಎಲ್ಲಿಂದ ಶುರು ಮಾಡಿದರೂ ಮಾತು ಕೊನೆಗೆ 1995ರ ಆಗಸ್ಟ್ 14ಕ್ಕೇ ಬಂದು ನಿಲ್ಲುತ್ತದೆ. ಬ್ಲರ್ ಮತ್ತು ಓಯಸಿಸ್ ಎಂಬ ಎದುರಾಳಿ ಬ್ಯಾಂಡುಗಳು ಒಂದೇ ದಿನ ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡ್, ಬಿಟ್ಟ ದಿನ ಅದು. ಬ್ಲರ್ 2,74,000 ಮಾರಿತು, ಓಯಸಿಸ್ 2,16,000. ಟೀವಿ ವಾರ್ತೆಯಲ್ಲೂ ಬಂತು. ಎರಡೂ ಹಾಡುಗಳು ಆಯಾ ಬ್ಯಾಂಡಿನ ಒಳ್ಳೆ ಹಾಡುಗಳ ಸಾಲಿಗೆ ಸೇರುವುದಿಲ್ಲ ಎನ್ನುವುದನ್ನು ಈಗ ಇಬ್ಬರ ಅಭಿಮಾನಿಗಳೂ ಒಪ್ಪುತ್ತಾರೆ. ಜಗಳ ಹಾಡಿನದ್ದಾಗಿರಲಿಲ್ಲ. ಒಂದು ಕಡೆ ಓಯಸಿಸ್, ಮ್ಯಾಂಚೆಸ್ಟರಿನ ಸರ್ಕಾರಿ ಮನೆಗಳಲ್ಲಿ ಬೆಳೆದ ಅಣ್ಣತಮ್ಮಂದಿರು, ಇನ್ನೊಂದು ಕಡೆ ಬ್ಲರ್, ದಕ್ಷಿಣದ ಓದಿದ ಹುಡುಗರು. ಉತ್ತರವೋ ದಕ್ಷಿಣವೋ, ಕೂಲಿಯವರೋ ಮೇಷ್ಟರ ಮಕ್ಕಳೋ, ಅದೇ ಅಸಲಿ ಪ್ರಶ್ನೆ. ಅಣ್ಣಾವ್ರ ಅಭಿಮಾನಿ, ವಿಷ್ಣು ಅಭಿಮಾನಿ ಅಂತ ಕಾಲೇಜಿನಲ್ಲಿ ಬೆಂಚು ಬೇರೆ ಮಾಡಿಕೊಂಡಿದ್ದ ನಮಗೆ ಇದು ಹೊಸದೇನಲ್ಲ. ಓಯಸಿಸ್‌ನ ನೋಯೆಲ್ ಗ್ಯಾಲಘರ್ 2017ರಲ್ಲಿ ಬ್ಲರ್‌ನ ಡೇಮನ್ ಆಲ್ಬಾರ್ನ್‌ನ ಇನ್ನೊಂದು ಬ್ಯಾಂಡು ಗೊರಿಲ್ಲಾಜ್ ಜೊತೆ ಹಾಡಿಯೂ ಆಯ್ತು. ಅವರು ರಾಜಿಯಾದರೂ ನಮ್ಮ ಆಫೀಸಿನವರು ಆಗಿಲ್ಲ. 2025ರ ಜುಲೈನಲ್ಲಿ ಓಯಸಿಸ್ ಮತ್ತೆ ಒಂದಾಗಿ ಪಕ್ಕದ ಕಾರ್ಡಿಫ್‌ನಲ್ಲಿ ವೇದಿಕೆ ಹತ್ತಿದಾಗ ಹಳೇ ಗಾಯ ಪೂರ್ತಿ ಕೆರೆದುಕೊಂಡರು.

ಈ ಪಟ್ಟಿಗಳನ್ನು ನಂಬುವ ಮೊದಲು ಜನ ದಾನ ಕೊಟ್ಟ ಹಳೇ ಸಾಮಾನು ಮಾರುವ ಯಾವುದಾದರೂ ಚಾರಿಟಿ ಅಂಗಡಿಗೆ ಹೋಗಬೇಕು. ನಾನು ಗ್ಲಾಸ್ಟರ್ ರೋಡಿನಲ್ಲಿ ಸುಮ್ನೆ ನುಗ್ಗುತ್ತಿರುತ್ತೇನೆ. ಬಾಗಿಲ ಹತ್ತಿರ ಹಳೇ ಸೀಡಿಗಳ ಕಪಾಟು, ಬೆನ್ನು ಕಾಣುವ ಹಾಗೆ ಜೋಡಿಸಿರುತ್ತಾರೆ. ಓಯಸಿಸ್‌ನ ಆ ಮೂರನೇ ಆಲ್ಬಮ್, ಬಿ ಹಿಯರ್ ನೌ, ಅಲ್ಲಿ ಖಾಯಂ ನಿವಾಸಿ. 1997ರ ಆಗಸ್ಟಿನಲ್ಲಿ ಮೊದಲ ವಾರವೇ 6 ಲಕ್ಷಕ್ಕೂ ಜಾಸ್ತಿ ಖರ್ಚಾದ ಆಲ್ಬಮ್ ಅದು. ಪತ್ರಿಕೆಗಳು ಹಾಡಿ ಹೊಗಳಿದ್ದವು. ಅದರ ಪಕ್ಕದಲ್ಲಿ ಎಂ ಪೀಪಲ್, ಅದರ ಪಕ್ಕದಲ್ಲಿ ಸ್ಪೈಸ್ ಗರ್ಲ್ಸ್. ಡಬ್ಬಿಯ ಪ್ಲಾಸ್ಟಿಕ್ ಸೀಳಿರುತ್ತೆ, ಒಳಗಿನ ಪುಸ್ತಕದ ಮೇಲೆ ಯಾರೋ ಪೆನ್ನಿನಲ್ಲಿ ಹೆಸರು ಬರೆದಿರುತ್ತಾರೆ. ಬ್ರಿಸ್ಟಲ್‌ನ ಬ್ಯಾಂಡು ಪೋರ್ಟಿಸ್‌ಹೆಡ್‌ನ ಡಮ್ಮಿ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಕೊಂಡವರು ಕೈ ಬಿಟ್ಟಿಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಮರ್ಕ್ಯುರಿ ಪ್ರಶಸ್ತಿಯವರಿಗೂ ಇದು ಗೊತ್ತಿತ್ತು. 1992ರಲ್ಲಿ ಶುರುವಾದ ಈ ಪ್ರಶಸ್ತಿ ವರ್ಷಕ್ಕೆ ಒಂದೇ ಆಲ್ಬಮ್ಮಿಗೆ. 1995ರಲ್ಲಿ ಓಯಸಿಸ್‌ನ ಮೊದಲ ಆಲ್ಬಮ್ ಕಣದಲ್ಲಿದ್ದರೂ ಗೆದ್ದದ್ದು ಡಮ್ಮಿ. 1997ರಲ್ಲಿ ಓಕೆ ಕಂಪ್ಯೂಟರ್ ಎದುರಿಗಿತ್ತು, ಗೆದ್ದದ್ದು ರೋನಿ ಸೈಜ್ ಮತ್ತು ರೆಪ್ರಜೆಂಟ್ ತಂಡದ ನ್ಯೂ ಫಾರ್ಮ್ಸ್. ಎರಡೂ ನಮ್ಮ ಬ್ರಿಸ್ಟಲ್‌ನವು. 1999ರಲ್ಲಿ ತಬಲಾ ನುಡಿಸುವ ತಲ್ವಿನ್ ಸಿಂಗ್ ಗೆದ್ದ. ಈ ಹೆಸರುಗಳನ್ನು ಪಬ್ಬಿನಲ್ಲಿ ತೆಗೆದರೆ ಸಿಗುವ ಉತ್ತರ ಒಂದೇ: "ಚೆನ್ನಾಗಿವೆ, ಆದರೆ ಅವು ಬೇರೆ ಥರದವು." ಬೇರೆ ಥರ ಅಂದರೆ? ಗಿಟಾರು ಹಿಡಿದ ನಾಲ್ಕು ಬಿಳಿ ಹುಡುಗರು ಇಲ್ಲ ಅಂತ. ಪಿಜೆ ಹಾರ್ವಿಯ ಕೈಯಲ್ಲಿ ಗಿಟಾರೇ ಇದೆ, ಆದರೂ ಅವಳ ಹೆಸರು ಎಂಟು ಒಂಬತ್ತನೇ ಸ್ಥಾನಕ್ಕೆ ಬರುವಷ್ಟರಲ್ಲಿ ಗ್ಲಾಸು ಖಾಲಿಯಾಗಿರುತ್ತೆ.

ಭಾರತದ ಸಂಗತಿ ಬಂದಾಗ ಇವರ ಅಳತೆಗೋಲು ಇನ್ನೂ ವಿಚಿತ್ರ. 1996ರಲ್ಲಿ ಕುಲಾ ಶೇಕರ್ ಎನ್ನುವ ಬ್ಯಾಂಡು "ಗೋವಿಂದ ಜಯ ಜಯ" ಅಂತ ಸಂಸ್ಕೃತದಲ್ಲೇ ಹಾಡಿ ಇಲ್ಲಿನ ಮೊದಲ ಹತ್ತರೊಳಗೆ ಬಂತು. ನಮ್ಮೂರ ಭಜನೆ ಮನೆಯಲ್ಲಿ ಶನಿವಾರ ಸಂಜೆ ತಾಳ ಕುಟ್ಟುತ್ತಾ ಹೇಳುತ್ತಿದ್ದದ್ದೇ ಅದು! ಅದು ಇವರ ಪಾಲಿಗೆ ಬ್ರಿಟ್‌ಪಾಪ್, ಅಂದರೆ ಬ್ಲರ್, ಓಯಸಿಸ್ ಸಾಲಿನ ಗಿಟಾರು ಸಂಗೀತ. ಆದರೆ ಉಲ್ವರ್‌ಹ್ಯಾಂಪ್ಟನ್‌ನಲ್ಲಿ ಹುಟ್ಟಿದ ತೇಜಿಂದರ್ ಸಿಂಗ್‌ನ ಬ್ಯಾಂಡು ಕಾರ್ನರ್‌ಶಾಪ್ 1997ರಲ್ಲಿ ಆಶಾ ಭೋಂಸ್ಲೆಯನ್ನು ನೆನೆದು ಹಾಡಿದರೆ ಅದು ಬರೀ ಕುಣಿಯೋ ಹಾಡು. ಡೀಜೆ ನಾರ್ಮನ್ ಕುಕ್ ಅದನ್ನು ರೀಮಿಕ್ಸ್ ಮಾಡಿದ್ದು 1998ರ ಫೆಬ್ರವರಿಯಲ್ಲಿ ನಂಬರ್ ಒನ್ ಆಯಿತು, ನಿಜ. ಅದೇ ಆಲ್ಬಮ್ಮಿನ ಕೊನೆಯಲ್ಲಿ ಬೀಟಲ್ಸ್ ಹಾಡೊಂದನ್ನು ಪಂಜಾಬಿಯಲ್ಲಿ ಹಾಡಿದ್ದಾರೆ. ಬೀಟಲ್ಸ್‌ನವರು ಸಿತಾರ್ ಎರವಲು ಪಡೆದಿದ್ದ ಹಾಡಿಗೇ ಕೈ ಹಾಕಿದ್ದಾರೆ. ಅದಕ್ಕಿಂತ ಜಾಣ ತಮಾಷೆ ಆ ದಶಕದ ಇನ್ಯಾವ ಆಲ್ಬಮ್ಮಿನಲ್ಲೂ ನನಗೆ ಸಿಕ್ಕಿಲ್ಲ.

ಇನ್ನು ಬ್ರಿಸ್ಟಲ್. ಸೇಂಟ್ ಪಾಲ್ಸ್ ಅನ್ನೋದು ಜಮೈಕಾ, ಬಾರ್ಬೆಡೋಸ್ ಕಡೆಯಿಂದ ಬಂದವರು ನೆಲೆಸಿದ ಬಡಾವಣೆ. ಎಂಬತ್ತರ ದಶಕದಲ್ಲಿ ಅಲ್ಲೆಲ್ಲ ದೊಡ್ಡ ದೊಡ್ಡ ಸ್ಪೀಕರ್ ಪೇರಿಸಿ ರಾತ್ರಿಯಿಡೀ ರೆಕಾರ್ಡ್ ಹಾಕುತ್ತಿದ್ದ ವೈಲ್ಡ್ ಬಂಚ್ ಗುಂಪಿನಿಂದ ಮ್ಯಾಸಿವ್ ಅಟ್ಯಾಕ್ ಹುಟ್ಟಿತು. ಒಬ್ಬನ ಅಪ್ಪ ಇಟಲಿಯವನು, ಇನ್ನೊಬ್ಬನ ಮನೆಯವರು ಬಾರ್ಬೆಡೋಸ್‌ನವರು. ಅವರ ಬ್ಲೂ ಲೈನ್ಸ್ ಬಂದದ್ದು 1991ರಲ್ಲಿ. ಶಾರಾ ನೆಲ್ಸನ್ ಹಾಡಿದ ಅನ್‌ಫಿನಿಶ್ಡ್ ಸಿಂಪಥಿಯ ಪಿಟೀಲುಗಳಿಗೆ ದುಡ್ಡು ಸಾಲದೆ ಕಾರು ಮಾರಿದರು ಅಂತ ಅವರೇ ಹೇಳಿಕೊಂಡಿದ್ದಾರೆ. ಆ ಆಲ್ಬಮ್ ತಯಾರಾಗುವಾಗ ಸ್ಟುಡಿಯೊದಲ್ಲಿ ಟೇಪ್ ನೋಡಿಕೊಂಡು ಟೀ ಮಾಡಿಕೊಡುತ್ತಿದ್ದ ಹುಡುಗ ಜೆಫ್ ಬ್ಯಾರೋ. ಮುಂದೆ ಬೆತ್ ಗಿಬನ್ಸ್ ಜೊತೆ ಸೇರಿ ಪೋರ್ಟಿಸ್‌ಹೆಡ್ ಕಟ್ಟಿದ್ದು ಅವನೇ.

ಬ್ಯಾರೋನ ಒಂದು ಕೆಲಸ ಹೇಳಲೇಬೇಕು. ಡಮ್ಮಿಗಾಗಿ ಇವರೇ ನುಡಿಸಿದ ತುಣುಕುಗಳನ್ನು ಮೊದಲು ಗ್ರಾಮಫೋನ್ ತಟ್ಟೆಗೆ ಹಾಕಿಸುತ್ತಿದ್ದರು. ಆಮೇಲೆ ಆ ತಟ್ಟೆಯನ್ನು ನೆಲಕ್ಕೆ ಹಾಕಿ, ಮೇಲೆ ನಡೆದಾಡಿ ಗೀರು ಬೀಳಿಸುತ್ತಿದ್ದರು. ಹಾಗೆ ಬೇಕಂತಲೇ ಹಳೇದು ಮಾಡಿದ್ದನ್ನು ಮತ್ತೆ ಹಾಡಿನೊಳಗೆ ತರುತ್ತಿದ್ದರು. ಡಮ್ಮಿಯಲ್ಲಿ ಆ ಚಿಟಿಚಿಟಿ ಸದ್ದು ಕೇಳಿಸಿದರೆ ನಿಮ್ಮ ಸ್ಪೀಕರ್ ಸರಿಯಾಗಿಯೇ ಇದೆ.

ಇನ್ನೊಂದು ವಿಷಯ. ಡಮ್ಮಿಯ ಕೊನೆಯ ಹಾಡು ಗ್ಲೋರಿ ಬಾಕ್ಸ್‌ನಲ್ಲಿರುವ ಅಮೆರಿಕದ ಗಾಯಕ ಐಸಾಕ್ ಹೇಯ್ಸ್‌ನ ಹಳೇ ತುಣುಕೇ, ಮರು ವರ್ಷ ಬಂದ ಟ್ರಿಕಿಯ ಮ್ಯಾಕ್ಸಿನ್‌ಕ್ವೇಯಲ್ಲೂ ಇದೆ. ಒಂದೇ ಊರು, ಒಂದೇ ತುಣುಕು, ಎರಡು ಆಲ್ಬಮ್. ನಮ್ಮಲ್ಲಾಗಿದ್ದರೆ "ಟ್ಯೂನ್ ಕದ್ದಿದ್ದು" ಅನ್ನೋ ಒಂದೇ ಮಾತಿನಲ್ಲಿ ಇಬ್ಬರನ್ನೂ ಮುಗಿಸಿಬಿಡುತ್ತಿದ್ದೆವು. ಇಲ್ಲಿ ಎರಡಕ್ಕೂ ಹೇಯ್ಸ್ ಹೆಸರು ಹಾಕಿದ್ದಾರೆ, ಆಮೇಲೆ ಯಾರು ಚೆನ್ನಾಗಿ ಬಳಸಿಕೊಂಡರು ಅಂತ ಜಗಳ. ಒಂದರಲ್ಲಿ ಹೆಂಗಸೊಬ್ಬಳು ಸಾಕಾಗಿ ಹೋಗಿದೆ ಅನ್ನುತ್ತಾಳೆ, ಇನ್ನೊಂದರಲ್ಲಿ ಗಂಡಸು ಕಿವಿಯ ಹತ್ತಿರ ಪಿಸುಗುಡುತ್ತಾನೆ. ಈ ಜಗಳದಲ್ಲಿ ಮಾತ್ರ ನಾನು ಎರಡೂ ಕಣ್ಣು ಅನ್ನುವ ಪಕ್ಷ.

ಸರಿ, ನನ್ನ ಪಟ್ಟಿ. ಡಮ್ಮಿ ಒಂದು, ಬ್ಲೂ ಲೈನ್ಸ್ ಎರಡು, ಪಲ್ಪ್‌ನ ಡಿಫರೆಂಟ್ ಕ್ಲಾಸ್ ಮೂರು, ಓಕೆ ಕಂಪ್ಯೂಟರ್ ನಾಲ್ಕು. ಓಯಸಿಸ್‌ನ ಮಾರ್ನಿಂಗ್ ಗ್ಲೋರಿಯಲ್ಲಿ ನಾಲ್ಕು ಒಳ್ಳೆ ಹಾಡುಗಳಿವೆ. ಹಾಡಿನ ಸ್ಪರ್ಧೆ ಆಗಿದ್ದರೆ ಅದೂ ಮೇಲೆ ಇರುತ್ತಿತ್ತು, ಇದು ಆಲ್ಬಮ್ಮಿನದು. ಡಿಫರೆಂಟ್ ಕ್ಲಾಸ್ ಮೂರರಲ್ಲಿದೆ, ಯಾಕಂದರೆ ಇಲ್ಲಿನ ಮೇಲುಕೀಳಿನ ಬಗ್ಗೆ ಬ್ಲರ್, ಓಯಸಿಸ್ ಎರಡೂ ಬರೀ ವೇಷ ಹಾಕಿದವು, ಪಲ್ಪ್‌ನ ಹಾಡುಗಾರ, ಶೆಫೀಲ್ಡ್‌ನ ಜಾರ್ವಿಸ್ ಕಾಕರ್ ಸಿಟ್ಟಿನಿಂದ ಬರೆದ. ಬ್ಲೂ ಲೈನ್ಸ್ ಎರಡಕ್ಕೆ ಇಳಿದದ್ದು ಹೇಗೆ ಅಂತ ಬ್ರಿಸ್ಟಲ್‌ನವರು ಕೇಳೇ ಕೇಳುತ್ತಾರೆ. ಇರುವುದೇ ಒಂಬತ್ತು ಹಾಡು. ಅದರಲ್ಲಿ ನಾಲ್ಕನೆಯದು ವಿಲಿಯಂ ಡಿವಾನ್‌ನ ಎಪ್ಪತ್ತರ ದಶಕದ ಹಾಡು, ಹೆಚ್ಚೇನೂ ಬದಲಿಸದೆ ಮತ್ತೆ ಹಾಡಿಸಿದ್ದಾರೆ. ಕೇಳಲು ಹಿತವಾಗಿದೆ, ಅಲ್ವಾ? ಹೌದು. ಆದರೆ ಅಲ್ಲಿ ಆಲ್ಬಮ್ ಕಾಲು ಚಾಚಿ ಮಲಗುತ್ತದೆ. ಡಮ್ಮಿ ಎಲ್ಲೂ ಮಲಗುವುದಿಲ್ಲ. ಮಲಗುತ್ತದೆ ಅನ್ನುವವರು ಯಾವ ಹಾಡಿನಲ್ಲಿ ಅಂತ ಹೆಸರು ಹಿಡಿದು ಹೇಳಲಿ.