ಮೊದಲ ಬ್ಯಾಂಡ್ ವೇದಿಕೆ ಹತ್ತೋ ಹೊತ್ತಿಗೇ ಹೋಗಿ ನಿಂತ್ಕೊಳ್ಳಿ

ಮೊದಲೇ ಹೇಳ್ಬಿಡ್ತೀನಿ, ಮೆಟಲ್‌ಕೋರ್ ಅಂದ್ರೆ ನಂಗೆ ಪ್ರಾಣ, ಹೆವಿ ಮೆಟಲ್‌ಗೆ ಹಾರ್ಡ್‌ಕೋರ್ ಪಂಕ್ ಅನ್ನೋ ಒರಟು, ವೇಗದ ರಾಕ್ ಬೆರೆಸಿದ ಸಂಗೀತ ಅದು. ಬರೀ ಕಿರುಚಾಟ ಅಲ್ವಾ ಅದು, ಏನಿದೆ ಅದ್ರಲ್ಲಿ ಅಂತ ಕೇಳೋರಿಗೆ ಇನ್ನೊಂದು ದಿನ ಸಾವಧಾನವಾಗಿ ಬರೀತೀನಿ. ಇವತ್ತು ಬರೀತಿರೋದು ಆಗ್ಲೇ ಇದನ್ನ ಕೇಳ್ತಿರೋ ನಮ್ಮೋರಿಗೆ, ಅದ್ರಲ್ಲೂ ಬೆಂಗಳೂರಲ್ಲಿರೋ ಹುಡುಗ ಹುಡುಗೀರಿಗೆ. ನಾನು ಕುಂದಾಪುರದ ಕಡೆಯೋನು, ಇಂಜಿನಿಯರಿಂಗ್ ಓದಿದ್ದು ಬೆಂಗಳೂರಲ್ಲಿ, ಈಗ ಕೆಲಸ ಸಂಸಾರ ಎಲ್ಲಾ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಎರಡೂ ಕಡೆ ಜನ ಬ್ಯಾಂಡ್ ಹುಡುಕೋ ರೀತಿ ನೋಡಿದೀನಿ, ತುಂಬಾ ವ್ಯತ್ಯಾಸ ಇದೆ, ಅದನ್ನ ಹೇಳ್ಲೇಬೇಕು ಅನ್ಸಿದೆ.

ಬೆಂಗಳೂರಲ್ಲಿ ನಮಗೆ ಬ್ಯಾಂಡ್ ಸಿಗ್ತಿದ್ದಿದ್ದು ಹಾಸ್ಟೆಲ್ಲಲ್ಲಿ, ಸೀನಿಯರ್ ಒಬ್ಬರ ಹಾರ್ಡ್ ಡಿಸ್ಕ್‌ನಲ್ಲಿ. ಒಂದೊಂದು ಬ್ಯಾಂಡಿಗೆ ಒಂದೊಂದು ಫೋಲ್ಡರ್, ಅದನ್ನ ಪೂರ್ತಿ ಕಾಪಿ ಮಾಡ್ಕೊಂಡು ರಾತ್ರಿಯೆಲ್ಲಾ ಕೇಳೋದು, ಬೆಳಗ್ಗೆ ಮೆಸ್ಸಲ್ಲಿ ಕೂತು ಯಾವ ಬ್ರೇಕ್‌ಡೌನ್ ಭಾರಿ ಅಂತ ವಾದ ಮಾಡೋದು. ಗೊತ್ತಿಲ್ದೋರಿಗೆ ಹೇಳ್ತೀನಿ, ಬ್ರೇಕ್‌ಡೌನ್ ಅಂದ್ರೆ ಓಡ್ತಿರೋ ಹಾಡು ಇದ್ದಕ್ಕಿದ್ದ ಹಾಗೆ ಅರ್ಧ ವೇಗಕ್ಕೆ ಇಳಿದು, ಗಿಟಾರಿನ ತೀರಾ ದಪ್ಪ ತಂತಿಯನ್ನ ಅಂಗೈಯಿಂದ ಅದುಮಿ ಹೊಡೆಯೋ ಪೆಟ್ಟು ಮತ್ತೆ ಡ್ರಮ್ಮಿನ ಕಾಲಿನ ಪೆಟ್ಟು ಎರಡೂ ಒಟ್ಟಿಗೆ ಬೀಳೋ ಜಾಗ, ಇಡೀ ಹಾಲ್ ಕಾಯ್ತಿರೋದೇ ಅದಕ್ಕೆ. ನಮ್ಮ ಹುಡುಗ್ರ ಕೇಳುವಿಕೆ ತುಂಬಾ ಆಳವಾಗಿತ್ತು, ಇದನ್ನ ಹೆಮ್ಮೆಯಿಂದಲೇ ಹೇಳ್ತೀನಿ. ಗಿಟಾರಿನ ಶ್ರುತಿ ಕೆಳಗಿಳಿಸೋ ಡ್ರಾಪ್ ಸಿ ಟ್ಯೂನಿಂಗ್ ಯಾವ ಆಲ್ಬಮ್‌ನಲ್ಲಿದೆ, ಡ್ರಮ್ಮರ್ ಯಾವಾಗ ಬದಲಾದ, ಸಾಹಿತ್ಯ ಸಾಲು ಸಾಲಾಗಿ ಬಾಯಿಪಾಠ. 2007ರಲ್ಲಿ ಐರನ್ ಮೇಡನ್, 2010ರಲ್ಲಿ ಲ್ಯಾಂಬ್ ಆಫ್ ಗಾಡ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ದೂರದೂರದ ಊರುಗಳಿಂದ ರೈಲು ಹತ್ತಿ ಬಂದಿದ್ರು ಜನ, ಬರೀ ಹಾಡಿನ ಮಾತಲ್ಲ, ಗಿಟಾರ್ ನುಡಿಸೋ ರಾಗಾನೂ ಸಾವಿರಾರು ಜನ ಒಟ್ಟಿಗೆ ಹಾಡೋದು, ಅಂಥಾ ಜನ ಇಲ್ಲಿ ನಂಗೆ ಸಿಕ್ಕಿಲ್ಲ.

ಆದ್ರೆ ಅದೆಲ್ಲಾ ದೊಡ್ಡವರು, ದೂರದವರು, ಹೆಸರಾದ ಮೇಲೆ ನಮ್ಮ ಹತ್ರ ಬಂದವರು. ಬ್ಯಾಂಡ್ ಅಂದ್ರೆ ನಮಗೆ ರೆಕಾರ್ಡಿಂಗ್. ಒಂದು ಬ್ಯಾಂಡ್ ಹುಟ್ಟೋದು, ಎಡವೋದು, ಎದ್ದು ನಿಲ್ಲೋದು ಕಣ್ಣೆದುರಿಗೆ ನೋಡೋ ಅವಕಾಶ ಕಮ್ಮಿ ಇತ್ತು, ಇದ್ದ ಅವಕಾಶಾನೂ ನಾವು ಬಳಸ್ಕೊಳ್ಲಿಲ್ಲ.

ಇಲ್ಲಿಗೆ ಬಂದ ಮೇಲೆ ಮೊದಲು ತಲೆ ತಿರುಗಿಸಿದ್ದು ಮ್ಯಾಪು. ಹಾಸ್ಟೆಲ್ ಫೋಲ್ಡರ್‌ನಲ್ಲಿದ್ದ ಅರ್ಧಕ್ಕರ್ಧ ಹೆಸರುಗಳು ಈ ಒಂದು ಸಣ್ಣ ರಾಜ್ಯದ್ದೇ! ಕಿಲ್‌ಸ್ವಿಚ್ ಎಂಗೇಜ್ ವೆಸ್ಟ್‌ಫೀಲ್ಡ್ ಅನ್ನೋ ಪುಟ್ಟ ಊರಿಂದ, 1999ರಲ್ಲಿ ಶುರುವಾಗಿದ್ದು. ಪಕ್ಕದ ಸ್ಪ್ರಿಂಗ್‌ಫೀಲ್ಡ್‌ನಿಂದ ಆಲ್ ದಟ್ ರಿಮೇನ್ಸ್, ಅದರ ಹಾಡುಗಾರ ಫಿಲ್ ಲಬಾಂಟ್ ಅದಕ್ಕೂ ಮೊದಲು ಶ್ಯಾಡೋಸ್ ಫಾಲ್ ಬ್ಯಾಂಡ್‌ನಲ್ಲಿದ್ದೋನು, ಆ ಬ್ಯಾಂಡೂ ಅದೇ ಕಡೆಯದು. ಬಾಸ್ಟನ್ ವಿಮಾನ ನಿಲ್ದಾಣದ ಮಗ್ಗುಲಲ್ಲಿರೋ ವಿಂತ್ರಾಪ್‌ನಿಂದ ಅನ್‌ಅರ್ಥ್. ಸೇಲಂನಿಂದ ಕನ್ವರ್ಜ್, ಅವರು ಶುರುವಾಗಿದ್ದು 1990ರಲ್ಲಿ, ಅವರ 2001ರ ಆಲ್ಬಮ್ ಜೇನ್ ಡೋ ಕೇಳಿದ ಮೇಲೆ ಉಳಿದಿದ್ದೆಲ್ಲಾ ಸ್ವಲ್ಪ ದಿನ ಸಪ್ಪೆ ಅನ್ಸುತ್ತೆ. ಎಲ್ಲಾ ಊರುಗಳೂ ಕಾರಲ್ಲಿ ಒಂದೆರಡು ಗಂಟೆ ದಾರಿ ಒಳಗೆ.

ಯಾಕೆ ಇಲ್ಲೇ ಅಂತ ತುಂಬಾ ಯೋಚಿಸಿದೀನಿ. ಹಾರ್ಡ್‌ಕೋರ್ ಪಂಕ್ ಇಲ್ಲಿ ಎಂಬತ್ತರ ದಶಕದಿಂದ ಇತ್ತು, ಹುಡುಗ್ರು ಚರ್ಚ್ ನೆಲಮಾಳಿಗೇಲಿ, ಮಾಜಿ ಸೈನಿಕರ ಸಂಘದ ಹಾಲ್‌ನಲ್ಲಿ ಕಮ್ಮಿ ಬಾಡಿಗೆಗೆ ತಾವೇ ಶೋ ಇಟ್ಕೊಳ್ತಿದ್ರು. ಆ ಹುಡುಗ್ರ ಕಿವಿಗೆ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸಂಗೀತ ಬಿತ್ತು, ಅಟ್ ದ ಗೇಟ್ಸ್ 1995ರಲ್ಲಿ ಮಾಡಿದ ಸ್ಲಾಟರ್ ಆಫ್ ದ ಸೋಲ್ ಥರದ್ದು. ಆ ರಾಗದ ಗಿಟಾರ್‌ಗೆ ತಮ್ಮ ಹಾರ್ಡ್‌ಕೋರ್ ಪೆಟ್ಟು ಸೇರಿಸಿದ್ರು, ಪದ್ಯದಲ್ಲಿ ಸ್ಕ್ರೀಮ್, ಅಂದ್ರೆ ಗಂಟಲಿಂದ ಕಿರುಚಿ ಹಾಡೋದು, ಪಲ್ಲವೀಲಿ ಎದೆ ತುಂಬಿ ಹಾಡೋದು. ನನ್ನ ಪ್ರಕಾರ ಇದ್ರಲ್ಲಿ ಅಗ್ಗದ ಹಾಲ್‌ಗಳ ಪಾಲು ಗಿಟಾರಿನಷ್ಟೇ ದೊಡ್ಡದು.

ವುಸ್ಟರ್ ಊರಲ್ಲಿ ಪಲೇಡಿಯಂ ಅಂತ 1928ರ ಹಳೇ ಥಿಯೇಟರ್ ಇದೆ, 1999ರಲ್ಲಿ ನ್ಯೂ ಇಂಗ್ಲೆಂಡ್ ಮೆಟಲ್ ಆಂಡ್ ಹಾರ್ಡ್‌ಕೋರ್ ಫೆಸ್ಟಿವಲ್ ಶುರುವಾಗಿದ್ದು ಅಲ್ಲೇ. ಅಲ್ಲಿ ನೋಡಿ ಕಲಿತಿದ್ದು ಏನಂದ್ರೆ ನಿಜವಾದ ಫ್ಯಾನ್‌ಗಳು ಬಾಗಿಲು ತೆಗೆಯೋ ಹೊತ್ತಿಗೇ ಬರ್ತಾರೆ. ಪೋಸ್ಟರ್‌ನಲ್ಲಿ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿರೋ ಬ್ಯಾಂಡ್ ಅರ್ಧ ಗಂಟೇನೂ ನುಡಿಸಲ್ಲ, ಅದಕ್ಕೆ ಬಂದು ಮುಂದೆ ನಿಂತ್ಕೊಳ್ತಾರೆ, ಆಮೇಲೆ ಅವರೇ ಟೇಬಲ್ ಹಾಕ್ಕೊಂಡು ಶರ್ಟ್ ಮಾರ್ತಿರ್ತಾರಲ್ಲ, ಅಲ್ಲಿಗೆ ಹೋಗಿ ಚೆನ್ನಾಗಿತ್ತು ಕಣ್ರೋ ಅಂತ ಹೇಳಿ ಒಂದು ಶರ್ಟ್ ತಗೊಳ್ತಾರೆ. ಹೈಸ್ಕೂಲ್ ಮಕ್ಕಳೂ ಇರ್ತಾರೆ. ಎಷ್ಟೋ ಶೋಗಳಿಗೆ ವಯಸ್ಸಿನ ಮಿತಿ ಇಲ್ಲ, ಇಪ್ಪತ್ತೊಂದು ಆಗದೋರ ಕೈ ಮೇಲೆ ಮಾರ್ಕರ್‌ನಲ್ಲಿ ಒಂದು ಎಕ್ಸ್ ಹಾಕಿ ಒಳಗೆ ಬಿಡ್ತಾರೆ, ಬಾರಲ್ಲಿ ಕೊಡಲ್ಲ ಅಷ್ಟೇ.

ಇದನ್ನೆಲ್ಲಾ ನೋಡ್ವಾಗ ನಂಗೆ ನೆನಪಾಗೋದು ಯಕ್ಷಗಾನ. ನಮ್ಮ ಕಡೆ ಮೇಳದ ತಿರುಗಾಟ ನವೆಂಬರ್‌ನಲ್ಲಿ ಶುರುವಾದ್ರೆ ಮಳೆಗಾಲ ಹಿಡಿಯೋ ತನಕ ದಿನಾ ಒಂದೂರು, ನಮ್ಮ ಅಪ್ಪಯ್ಯ ಮತ್ತವರ ಸ್ನೇಹಿತರು ಮೇಳದ ಹಿಂದೇನೇ ಊರೂರು ಹೋಗೋರು. ಈ ವರ್ಷ ಯಾವ ಭಾಗವತರು ಸಾಲಿಗ್ರಾಮದಲ್ಲಿ, ಯಾರು ಪೆರ್ಡೂರಿಗೆ ಹೋದ್ರು, ಯಾರು ಮಂದಾರ್ತಿ ಮೇಳಕ್ಕೆ ಬಂದ್ರು ಅಂತ ತಿರುಗಾಟ ಹೊರಡೋಕೆ ಮೊದಲೇ ಲೆಕ್ಕ ಹಾಕೋರು. ಪ್ರಸಂಗ ಶುರುವಾಗೋಕೆ ಮುಂಚೆ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ವೇಷ ಬರುತ್ತಲ್ಲ, ಆಗಷ್ಟೇ ಗೆಜ್ಜೆ ಕಟ್ಟಿದ ಹುಡುಗ್ರು ಕುಣಿಯೋದು, ಮುಕ್ಕಾಲು ಪಾಲು ಜನ ಇನ್ನೂ ಊಟ ಮಾಡ್ತಿರ್ತಾರೆ, ಅಪ್ಪಯ್ಯ ಮಾತ್ರ ಆಗ್ಲೇ ಎದುರು ಕೂತಿರೋರು, ಈ ಹುಡುಗನ ಹೆಜ್ಜೆ ನೋಡು ಮಾರಾಯ, ಇವ ಮುಂದೆ ಬರ್ತಾನೆ ಅಂತ ಪಕ್ಕದೋರಿಗೆ ಹೇಳೋರು. ಮಧ್ಯದಲ್ಲಿ ಚೌಕಿಗೆ ಹೋಗಿ ಬಣ್ಣ ಹಚ್ಕೊಳ್ತಿರೋರ ಹತ್ರ ಮಾತಾಡ್ಕೊಂಡು ಬರೋರು. ಪಲೇಡಿಯಂನಲ್ಲಿ ಶರ್ಟ್ ಟೇಬಲ್ ಹತ್ರ ನಿಂತಿರೋರೂ ಇದೇ ಜಾತಿಯ ಜನ. ಅಂದ್ರೆ ಹಿಂಬಾಲಿಸೋದು ಹೇಗೆ ಅಂತ ಕನ್ನಡದೋರಿಗೆ ಯಾರೂ ಬಂದು ಕಲಿಸ್ಬೇಕಿಲ್ಲ, ನಮ್ಮ ಹಿರಿಯರಿಗೆ ಅದು ಚೆನ್ನಾಗಿ ಗೊತ್ತಿತ್ತು. ಅದೇ ಮನೆ ಮಕ್ಕಳು ಬೆಂಗಳೂರಿಗೆ ಬಂದು ಮೆಟಲ್ ಕೇಳೋಕೆ ಶುರು ಮಾಡಿದ ಮೇಲೆ ಆ ಬುದ್ಧಿ ಯಾಕೆ ಕೈಬಿಟ್ವು ಅನ್ನೋದೇ ನನ್ನ ಪ್ರಶ್ನೆ.

ಹೊಸ ಬ್ಯಾಂಡ್ ಹುಡುಕೋಕೆ ಈಗ ಆಪ್‌ಗಳಿವೆ, ಒಂದು ಹಾಡು ಮುಗಿದ್ರೆ ಅದೇ ಥರದ ಇನ್ನೊಂದು ತಾನೇ ಬರುತ್ತೆ, ಬೇಡ ಅನ್ನಲ್ಲ. ಆದ್ರೆ ಅದಕ್ಕಿಂತ ಸೊಗಸಾದ ದಾರಿ ಆಲ್ಬಮ್ ಹಿಂದೆ ಸಣ್ಣಕ್ಷರದಲ್ಲಿ ಇರುತ್ತೆ. ಕಿಲ್‌ಸ್ವಿಚ್‌ನ ಆಡಂ ಡುಟ್ಕೀವಿಚ್‌ನೇ ತಗೊಳ್ಳಿ, ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಲ್ಲಿ ಓದಿದೋನು, ಮೊದಲು ಆ ಬ್ಯಾಂಡಿನ ಡ್ರಮ್ಮರ್, ಆಮೇಲೆ ಗಿಟಾರ್ ಹಿಡಿದ, ಜೊತೆಗೆ ಬೇರೆಯವರ ಆಲ್ಬಮ್ ಪ್ರೊಡ್ಯೂಸ್ ಮಾಡ್ತಾನೆ. ಆ ಹೆಸರು ಹಿಡ್ಕೊಂಡು ಹೊರಟ್ರೆ 2004ರ ಅನ್‌ಅರ್ಥ್ ಆಲ್ಬಮ್ ದಿ ಆನ್‌ಕಮಿಂಗ್ ಸ್ಟಾರ್ಮ್ ಸಿಗುತ್ತೆ, 2006ರ ಆಲ್ ದಟ್ ರಿಮೇನ್ಸ್ ಆಲ್ಬಮ್ ದ ಫಾಲ್ ಆಫ್ ಐಡಿಯಲ್ಸ್ ಸಿಗುತ್ತೆ, ಆಮೇಲೆ ಇದ್ದಕ್ಕಿದ್ದ ಹಾಗೆ ಆಸ್ಟ್ರೇಲಿಯಾದ ಬೈರನ್ ಬೇ ಅನ್ನೋ ಕಡಲೂರಿನ ಪಾರ್ಕ್‌ವೇ ಡ್ರೈವ್ ಸಿಗುತ್ತೆ, ಅವರ 2005ರ ಮೊದಲ ಪೂರ್ತಿ ಆಲ್ಬಮ್‌ಗೂ ಇದೇ ಆಡಂ. ಹಾಗೇ ಕನ್ವರ್ಜ್ ಗಿಟಾರಿಸ್ಟ್ ಕರ್ಟ್ ಬಲೂಗೆ ಸೇಲಂನಲ್ಲಿ ಗಾಡ್‌ಸಿಟಿ ಅಂತ ಸ್ಟುಡಿಯೋ ಇದೆ, ಅಲ್ಲಿ ರೆಕಾರ್ಡ್ ಆಗಿದ್ದೆಲ್ಲಾ ಹುಡುಕ್ತಾ ಹೋದ್ರೆ ಒಂದು ಚಳಿಗಾಲ ಪೂರ್ತಿ ಸಾಕಾಗಲ್ಲ.

ಮತ್ತೆ ಹಿಂಬಾಲಿಸೋದು ಅಂದ್ರೆ ವರ್ಷಗಟ್ಲೆ ಜೊತೆಗಿರೋದು. ಇಂಗ್ಲೆಂಡಿನ ಬ್ರೈಟನ್‌ನ ಆರ್ಕಿಟೆಕ್ಟ್ಸ್ ನೋಡಿ. ಅವಳಿ ಅಣ್ಣತಮ್ಮಂದಿರು, ಟಾಮ್ ಸರ್ಲ್ ಗಿಟಾರ್, ಡ್ಯಾನ್ ಡ್ರಮ್ಸ್, ಹಾಡುಗಳನ್ನ ಕಟ್ತಿದ್ದಿದ್ದು ಹೆಚ್ಚಾಗಿ ಟಾಮ್. 2016ರಲ್ಲಿ ಚರ್ಮದ ಕ್ಯಾನ್ಸರ್‌ನಿಂದ ತೀರ್ಕೊಂಡ, ಇಪ್ಪತ್ತೆಂಟು ವರ್ಷ. ಅದೇ ವರ್ಷ ಕೆಲವೇ ತಿಂಗಳ ಹಿಂದೆ ಬಂದಿದ್ದ ಆಲ್ಬಮ್ಮನ್ನ ನಾವೆಲ್ಲಾ ಕೇಳಿದ್ವಿ, ಅದ್ರಲ್ಲಿ ಸಾವಿನ ಮಾತು ಎಷ್ಟಿದೆ ಅಂತ ಆಮೇಲೆ ಅರ್ಥ ಆಗಿ ತುಂಬಾ ದಿನ ಆ ಹಾಡು ಹಾಕೋಕೆ ಆಗ್ಲಿಲ್ಲ ನಂಗೆ. ಮುಂದಿನ ವರ್ಷ ಟಾಮ್ ಶುರು ಮಾಡಿಟ್ಟಿದ್ದನ್ನ ಉಳಿದೋರು ಮುಗಿಸಿ ಡೂಮ್ಸ್‌ಡೇ ಅಂತ ಒಂದು ಹಾಡು ಬಿಟ್ರು, 2018ರಲ್ಲಿ ಹೋಲಿ ಹೆಲ್ ಬಂತು. ಆ ಆಲ್ಬಮ್ಮನ್ನ ಮೊದಲ ಸಲ ಕೇಳೋನಿಗೂ ಚೆನ್ನಾಗೇ ಇರುತ್ತೆ, ಆದ್ರೆ ಹಿಂದಿನದ್ದೆಲ್ಲಾ ಜೊತೆಗೇ ಇದ್ದು ಕೇಳ್ಕೊಂಡು ಬಂದೋನಿಗೆ ಅದು ಎದೆಗೆ ಬಂದು ತಾಗೋ ರೀತಿ ಬೇರೆ.

ಇಲ್ಲಿನ ಎಲ್ಲವೂ ಚೆನ್ನ ಅಂತ ಹೇಳ್ತಿಲ್ಲ. ಟಿಕೆಟ್ ದುಬಾರಿ ಆಗ್ತಾನೇ ಇದೆ, ಕೆಲವು ಹಾಲ್‌ನೋರು ಬ್ಯಾಂಡಿನ ಶರ್ಟ್ ಮಾರಾಟದಲ್ಲೂ ಪಾಲು ಕೇಳ್ತಾರೆ, ಅದು ತಪ್ಪು, ಸಣ್ಣ ಬ್ಯಾಂಡ್‌ಗಳು ವ್ಯಾನಿಗೆ ಪೆಟ್ರೋಲ್ ಹಾಕ್ಸೋದೇ ಆ ದುಡ್ಡಲ್ಲಿ. ಪಿಟ್‌ನಲ್ಲಿ, ಅಂದ್ರೆ ವೇದಿಕೆ ಮುಂದೆ ಜನ ಡಿಕ್ಕಿ ಹೊಡ್ಕೊಂಡು ಕುಣಿಯೋ ಜಾಗದಲ್ಲಿ, ಬಿದ್ದೋರನ್ನ ತಕ್ಷಣ ನಾಲ್ಕು ಕೈ ಎತ್ತುತ್ತೆ, ಅದೊಂದು ಬಹಳ ಇಷ್ಟ, ಆದ್ರೆ ಕೈಕಾಲು ಬೀಸೋ ಕೆಲವರಿಂದ ಪಕ್ಕದಲ್ಲಿ ಸುಮ್ನೆ ನಿಂತಿರೋರಿಗೆ ಪೆಟ್ಟಾಗೋದೂ ಇದೆ. ಮತ್ತೆ ನಮ್ಮ ಹಾಸ್ಟೆಲ್ ಥರ ಒಬ್ಬನಿಗೆ ಸಿಕ್ಕಿದ್ದು ರಾತ್ರೋರಾತ್ರಿ ಇಡೀ ಫ್ಲೋರಿಗೆ ಹಂಚಿಹೋಗೋ ಆ ಪ್ರೀತಿ ಇಲ್ಲಿ ಕಮ್ಮಿ, ಇದನ್ನ ಇಲ್ಲಿಯವರಿಗೂ ಹೇಳ್ತಿರ್ತೀನಿ.

ಬೆಂಗಳೂರಲ್ಲಿ ಏನಿಲ್ಲ ಹೇಳಿ? ಬೆಂಗಳೂರಿನ ಕ್ರಿಪ್ಟೋಸ್ 1998ರಿಂದ ನುಡಿಸ್ತಿದಾರೆ, ಅವರದ್ದು ಮೆಟಲ್‌ಕೋರ್ ಅಲ್ಲ, ಹಳೇ ಶೈಲಿಯ ಹೆವಿ ಮೆಟಲ್, 2013ರಲ್ಲಿ ಜರ್ಮನಿಯ ವಾಕನ್ ಫೆಸ್ಟಿವಲ್‌ನಲ್ಲಿ ನುಡಿಸಿ ಬಂದ್ರು. 2012ರಿಂದ ಬೆಂಗಳೂರು ಓಪನ್ ಏರ್ ಇದೆ. ಮೆಟಲ್‌ಕೋರ್‌ಗೆ ಹತ್ರದ್ದು ಬೇಕು ಅಂದ್ರೆ ಮುಂಬೈನ ಸ್ಕ್ರೈಬ್, ಭಯಾನಕ್ ಮೌತ್ ಥರದೋರು ಹಾದಿ ಹಾಕಿ ಕೊಟ್ರು. ಆದ್ರೂ ಹೊರಗಿನ ದೊಡ್ಡ ಬ್ಯಾಂಡ್ ಬಂದ್ರೆ ಮೈದಾನ ತುಂಬುತ್ತೆ, ಅದೇ ದಿನ ಮಧ್ಯಾಹ್ನ ನುಡಿಸೋ ಊರಿನ ಹುಡುಗ್ರ ಮುಂದೆ ಬೆರಳೆಣಿಕೆ ಜನ. ಪಬ್‌ನಲ್ಲಿ ಸ್ವಂತ ಹಾಡು ಹಾಡ್ತಿರೋರಿಗೆ ಕೂಗಿ ಯಾವುದೋ ಹಳೇ ಹಿಟ್ ಹಾಕಿ ಅಂತ ಕೇಳೋದು ಇನ್ನೂ ನಿಂತಿಲ್ವಂತೆ, ಊರಿಗೆ ಬಂದಾಗ ಸ್ನೇಹಿತರು ಹೇಳ್ತಾರೆ. ಹದಿನೇಳರ ಹುಡುಗಿಗೆ ಪಬ್ ಬಾಗಿಲು ಮುಚ್ಚಿದ್ರೆ ಅವಳು ಬ್ಯಾಂಡ್ ನೋಡೋದೆಲ್ಲಿ? ಅಪಾರ್ಟ್‌ಮೆಂಟ್ ಹಾಲ್, ಕಾಲೇಜ್ ಆಡಿಟೋರಿಯಂ, ವಾರದ ದಿನ ಖಾಲಿ ಇರೋ ಸಣ್ಣ ಕಲ್ಯಾಣ ಮಂಟಪ, ಜಾಗಕ್ಕೇನು ಬರ ಇದೆಯಾ, ಸಂಜೆ ನಾಲ್ಕಕ್ಕೆ ಶುರು ಮಾಡಿ ಎಂಟಕ್ಕೆ ಮುಗಿಸಿದ್ರೆ ಅಕ್ಕಪಕ್ಕದೋರೂ ಸುಮ್ನಿರ್ತಾರೆ. ಆ ಹಾಲ್‌ನಲ್ಲಿ ಒಬ್ಬ ಕನ್ನಡದಲ್ಲೇ ಸ್ಕ್ರೀಮ್ ಮಾಡ್ತಿದ್ರೆ ನಾನು ವಿಮಾನ ಹತ್ತಿ ಬರ್ತೀನಿ, ಉತ್ಪ್ರೇಕ್ಷೆ ಅಲ್ಲ ಇದು.

ಕೆಂಟಕಿಯ ನಾಕ್ಡ್ ಲೂಸ್ ಅಂತ ಬ್ಯಾಂಡ್ ಇದೆ, ಸಂಗೀತದ ದೊಡ್ಡ ಊರು ಯಾವುದೂ ಅಲ್ಲ, ಓಲ್ಡಮ್ ಕೌಂಟಿ ಅನ್ನೋ ಕಡೆಯವರು. ಸಣ್ಣ ಸಣ್ಣ ಹಾಲ್‌ಗಳಲ್ಲಿ ನುಡಿಸ್ಕೊಂಡೇ ಬಂದೋರು, 2023ರಲ್ಲಿ ಕ್ಯಾಲಿಫೋರ್ನಿಯಾದ ದೊಡ್ಡ ಸಂಗೀತೋತ್ಸವ ಕೋಚೆಲ್ಲಾದ ವೇದಿಕೆ ಹತ್ತಿದ್ರು, 2024ರಲ್ಲಿ ಜಿಮ್ಮಿ ಕಿಮ್ಮೆಲ್‌ನ ರಾತ್ರಿ ಟೀವಿ ಶೋಗೂ ಹೋದ್ರು, ಒಂದು ಚೂರೂ ಮೆತ್ತಗೆ ಮಾಡ್ಕೊಳ್ದೆ. ಅವರನ್ನ ಅಷ್ಟೆತ್ತರಕ್ಕೆ ಹೊತ್ತಿದ್ದು ಸಂಜೆ ಬೇಗ ಬಂದು ನಿಂತ ಜನ.

ಹೊಸಬರು ಎಲ್ಲಿಂದ ಶುರು ಮಾಡ್ಲಿ ಅಂತ ಕೇಳಿದ್ರೆ ಕಿಲ್‌ಸ್ವಿಚ್‌ನಿಂದಲೇ ಅಂತೀನಿ. 2002ರ ಅಲೈವ್ ಆರ್ ಜಸ್ಟ್ ಬ್ರೀದಿಂಗ್, ಜೆಸ್ಸಿ ಲೀಚ್ ಹಾಡಿದ್ದು. ಅದು ಬಂದ ಸ್ವಲ್ಪ ದಿನಕ್ಕೇ ಜೆಸ್ಸಿ ಖಿನ್ನತೆಯಿಂದ ಬ್ಯಾಂಡ್ ಬಿಟ್ಟ, ಹೋವರ್ಡ್ ಜೋನ್ಸ್ ಬಂದು 2004ರ ದಿ ಎಂಡ್ ಆಫ್ ಹಾರ್ಟೇಕ್ ಹಾಡಿದ, 2012ರಲ್ಲಿ ಹೋವರ್ಡ್ ಹೋಗಿ ಜೆಸ್ಸಿ ವಾಪಸ್ ಬಂದ. ಇಬ್ಬರಲ್ಲಿ ಯಾರು ಅನ್ನೋ ಜಗಳ ಇನ್ನೂ ಜೋರಾಗೇ ನಡೀತಿದೆ, ಆದ್ರೆ 2019ರಲ್ಲಿ ದ ಸಿಗ್ನಲ್ ಫೈರ್ ಹಾಡಲ್ಲಿ ಇಬ್ಬರೂ ಒಟ್ಟಿಗೇ ಹಾಡಿದ್ರು. ನನ್ನ ಓಟು ಜೆಸ್ಸಿಗೆ. ಹೋವರ್ಡ್ ಗಂಟಲು ಇನ್ನೂ ದೊಡ್ಡದು, ಒಪ್ತೀನಿ, ಆದ್ರೆ 2002ರ ಆ ಆಲ್ಬಮ್‌ನಲ್ಲಿ ಜೆಸ್ಸಿ ಸ್ಕ್ರೀಮ್‌ನಿಂದ ಹಾಡಿಗೆ ಇಳಿಯೋ ಜಾಗಗಳಿವೆಯಲ್ಲ, ಅಷ್ಟು ನೇರವಾಗಿ ಮನಸ್ಸು ಬಿಚ್ಚಿಟ್ಟವರನ್ನ ಈ ಸಂಗೀತದಲ್ಲಿ ನಾನು ಇನ್ನೂ ಕೇಳಿಲ್ಲ. ಕೇಳಿ ನೋಡಿ, ಒಪ್ಪದಿದ್ರೆ ಜಗಳಕ್ಕೆ ಬನ್ನಿ.