ಮಾರಿ ಕೂಡಿದರೆ ಬೇಳೆ

ನಮ್ಮ ಇಂಡಿ ಕಡೆ ಹೆಣ್ಣು ನೋಡಲು ಬಂದವರಿಗೆ ಒಮ್ಮೆ ಮುಖ ತೋರಿಸಿದರೆ ಮುಗೀತಿತ್ತು. ಈಗ ಬಸುರಿಯಾದ ಮೇಲೂ ತೋರಿಸಬೇಕು. 2025ರ ಜುಲೈ 1ರಿಂದ ಅಂಗನವಾಡಿಯ ಪೌಷ್ಟಿಕ ಆಹಾರ ಮನೆಗೆ ಒಯ್ಯಲು ಮುಖ ಗುರುತು ಕಡ್ಡಾಯ. ಮೊದಲು ದಾಖಲಾದ ಫೋಟೊಗೆ ಮಾರಿ ಕೂಡಿ, ಟೀಚರ್ ಫೋನು ಒಪ್ಪಿದರೆ ಚೀಲ ನಿಮ್ಮದು.

ಮೊನ್ನೆ ನಮ್ಮ ಓಣಿಯ ಸೊಸೆಯೊಬ್ಬಳ ಜೊತೆ ಸುಮ್ನೆ ನಾನೂ ಹೋಗಿದ್ದೆ. ಅವಳಿಗೆ ಏಳು ತಿಂಗಳು. ಮೂರನೇ ತಿಂಗಳಲ್ಲಿ ಹೆಸರು ಹಚ್ಚುವಾಗ ಓಟಿಪಿ ಗಂಡನ ಫೋನಿಗೆ ಹೋಗಿತ್ತು. ಅವನು ಗೋವಾದಲ್ಲಿ ಗಾರೆ ಕೆಲಸಕ್ಕೆ. ಬಸುರಿ ಇಲ್ಲಿ, ಅಂಕಿ ಅಲ್ಲಿ. ಸಂಜೆ ಅವನು ಕೈ ತೊಳೆದುಕೊಂಡು ಫೋನ್ ಎತ್ತುವ ಹೊತ್ತಿಗೆ ಅಂಗನವಾಡಿಗೆ ಬೀಗ ಬಿದ್ದಿತ್ತು.

ಈ ಸಲದ ತಕರಾರು ಬೇರೆ. "ಕಣ್ಣ ಮಿಟುಕಸವ್ವಾ" ಅಂದರು ಟೀಚರ್. ಮಿಟುಕಿಸಿದಳು. ಕೂಡಲಿಲ್ಲ. ಸೆರಗು ತೆಗೆಸಿದರು, ಬಿಸಿಲಿಗೆ ನಿಲ್ಲಿಸಿದರು. ಊಹೂಂ.

"ನಂದ ಮಾರಿ ಐತ್ರೀ ಟೀಚರ್, ಸ್ವಲ್ಪ ಬಾತೈತಿ ಅಷ್ಟ" ಅಂದಳು ಪಾಪ.

ಬಸುರಿಯ ಮುಖ ಇದ್ದಕ್ಕಿದ್ದಂತೆ ಬಾತರೆ ತಡಮಾಡದೆ ಬಿಪಿ ನೋಡಬೇಕು ಅಂತಾರೆ ಡಾಕ್ಟರು. ಅತ್ತೆಗೆ, ಗಂಡನಿಗೆ, ನನಗೂ ಕಾಣದ ಬಾವು ಫೋನಿಗೆ ಕಂಡಿತ್ತು, ಅಲ್ವಾ? ಆದರೆ ಅದಕ್ಕೆ ಹೊಳೆದದ್ದು ಬಿಪಿ ಅಲ್ಲ. ಇವಳು ಇವಳಲ್ಲ, ಬೇಳೆ ಕೊಡಬೇಡಿ, ಅಷ್ಟೇ. (ಆಶಾ ಅಕ್ಕನಿಗೆ ನಾನೇ ಫೋನ್ ಹಚ್ಚಿದೆ. ಅವರು ಮಾರಿ ನೋಡಿದ ಕೂಡಲೇ ಗುರುತು ಹಿಡಿದರು, ಆಸ್ಪತ್ರೆಗೆ ಕರೆದುಕೊಂಡು ಹೋದರು. ಓಟಿಪಿ ಕೇಳಲಿಲ್ಲ.)

2017ರ ಅಕ್ಟೋಬರ್ 2ರಂದು ಬಸುರಿ, ಬಾಣಂತಿಯರಿಗೆ ಊಟ ಕೊಡುವ ಮಾತೃಪೂರ್ಣ ಯೋಜನೆ ಶುರುವಾದಾಗ ಲೆಕ್ಕ ಸರಳವಿತ್ತು. ತಿಂಗಳಿಗೆ 25 ದಿನ ಅಂಗನವಾಡಿಯಲ್ಲೇ ಬಿಸಿಯೂಟ. ಅನ್ನ, ಸಾಂಬಾರು, ಮೊಟ್ಟೆ, ಶೇಂಗಾ ಚಿಕ್ಕಿ, 200 ಮಿಲಿ ಹಾಲು. ಉಂಡ ಮೇಲೆ ಕಬ್ಬಿಣದ ಗುಳಿಗೆ. ಅಲ್ಲೇ ಕೂತು ಉಣ್ಣಲಿ ಅಂದದ್ದು ಯಾಕೆಂದರೆ, ಮನೆಗೆ ಹೋದ ಮೊಟ್ಟೆ ಸೊಸೆಯ ತಾಟಿಗೆ ಬರೋದು ಅನುಮಾನ. ಅದಕ್ಕೂ ನಮ್ಮವರು ತಕರಾರು ತೆಗೆದರು. ತುಂಬಿದ ಬಸುರಿ ಬಿಸಿಲಲ್ಲಿ ನಡೀಬೇಕಾ, ಮಂದಿ ಎದುರು ಕೂತು ಉಣ್ಣಬೇಕಾ ಅಂತ. ಬಿಸಿಲಿನ ಮಾತು ಖರೇನೂ ಹೌದು.

ಇನ್ನು ಈಗ ಮನೆಗೆ ಬರುವ ಚೀಲದ ಕಥೆ ಕೇಳಿ. ಬೆಲ್ಲ ಮಾವನ ಚಹಾಕ್ಕೆ. ಶೇಂಗಾ ಹಿಂಡಿ ಆಗಿ ಎಲ್ಲರ ರೊಟ್ಟಿಗೆ. ಹೆಚ್ಚು ಉಂಡರೆ ಕೂಸು ದೊಡ್ಡದಾಗುತ್ತದೆ ಅಂತ ಸೊಸೆಗೆ ಅರ್ಧ ರೊಟ್ಟಿ ಕಮ್ಮಿ. ದಿನಕ್ಕೊಂದರಂತೆ 180 ಗುಳಿಗೆ ಕೊಟ್ಟಿರುತ್ತಾರೆ. ನುಂಗಿದ ದಿನ ಚಹಾದ ಜೊತೆ ನುಂಗುತ್ತಾಳೆ. ಚಹಾ ಆ ಕಬ್ಬಿಣವನ್ನು ಮೈಗೆ ಹತ್ತಲು ಬಿಡೋದಿಲ್ಲ. ಹತ್ತಿಸೋದು ನಿಂಬೆರಸ. ನಮ್ಮ ಇಂಡಿ ನಿಂಬೆಗೆ ಜಿಐ ಟ್ಯಾಗೂ ಸಿಕ್ಕಿದೆ. ಆದರೆ ಆ ಮನೆಯ ನಿಂಬೆಹಣ್ಣು ಟ್ರ್ಯಾಕ್ಟರ್ ಮುಂದೆ ಮೆಣಸಿನಕಾಯಿ ಜೊತೆ ನೇತಾಡುತ್ತದೆ. ಟ್ರ್ಯಾಕ್ಟರ್‌ಗೆ ರಕ್ತ ಕಮ್ಮಿ ಇರಬೇಕು.

ಐದನೇ ಸುತ್ತಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ ನೂರು ಬಸುರಿಯರಲ್ಲಿ 45ಕ್ಕೂ ಜಾಸ್ತಿ ಮಂದಿಗೆ ರಕ್ತಹೀನತೆ. ಚೀಲ ಯಾರ ಕೈಗೆ ಹೋಯಿತು ಅಂತ ಕಾಯಲು ಕ್ಯಾಮೆರಾ ಇದೆ. ಯಾರ ಹೊಟ್ಟೆಗೆ ಹೋಯಿತು ಅಂತ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ.

ಬರುವ ವಾರ ಆ ಹುಡುಗಿಗೆ ಕುಬಸ, ಅಂದರೆ ಸೀಮಂತ. ಆಮೇಲೆ ತವರಿಗೆ.

"ಅಲ್ಲೂ ಮಾರಿ ತೋರಸಬೇಕೇನ್ರೀ?" ಅಂತ ಕೇಳಿದಳು. ಟೀಚರ್‌ಗೆ ಕೇಳಿಸಲಿಲ್ಲ. ಅವರು ಕಟ್ಟೆ ಹತ್ತಿ, ಫೋನ್ ಮೇಲಕ್ಕೆತ್ತಿ ನೆಟ್‌ವರ್ಕ್ ಹುಡುಕುತ್ತಿದ್ದರು.