ಮತ್ತೆ ಅದೇ ಐದು ಬೆರಳು

ನಿನ್ನೆ ರಾತ್ರಿ ಮಗಳ ಜೊತೆ ಕೂತು ಒಂದು ಏಲಿಯನ್ ಸಿನಿಮಾ ನೋಡಿದೆ. ಹೆಸರು ಬೇಡ ಬಿಡಿ. ಬೆಳಗಾದರೂ ಸಿಟ್ಟು ಇಳಿದಿಲ್ಲ. ನೌಕೆ ಬಂದು ಇಳಿಯಿತು, ಬಾಗಿಲು ತೆರೆಯಿತು, ಹೊಗೆಯೊಳಗಿಂದ ಒಂದು ಕೈ ಆಚೆ ಬಂತು. ಉಸಿರು ಬಿಗಿಹಿಡಿದು ಬೆರಳು ಎಣಿಸಿದೆ. ಐದು! ಹೆಬ್ಬೆರಳು ಸಮೇತ ಐದು. ಮೇಲೆ ಉಗುರು ಬೇರೆ.

"ಐದು ಇದ್ರೆ ಏನಾಯ್ತಮ್ಮ?" ಅಂದಳು ಮಗಳು. ನಾನು ಇಷ್ಟು ವರ್ಷದಿಂದ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತಿದ್ದೇನೆ ಅಂತ ನಿಮಗೆ ಗೊತ್ತಲ್ವಾ, ಸುಮ್ನೆ ಹೇಗೆ ಇರಲಿ?

ಐದು ಬೆರಳೇ ಇರಬೇಕು ಅಂತ ಎಲ್ಲೂ ನಿಯಮವಿಲ್ಲ. ಸುಮಾರು 36 ಕೋಟಿ ವರ್ಷಗಳ ಹಿಂದೆ ಬದುಕಿದ್ದ, ಮೀನಿನಿಂದ ಬಂದ ಮೊದಮೊದಲ ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಒಂದಾದ ಅಕಾಂಥೊಸ್ಟೆಗದ ಮುಂಗಾಲಿನಲ್ಲಿ ಎಂಟು ಬೆರಳಿದ್ದವು. ಅಂಥದ್ದೇ ಇನ್ನೊಂದು ಪ್ರಾಣಿ ಇಕ್ತಿಯೊಸ್ಟೆಗದ ಹಿಂಗಾಲಿನಲ್ಲಿ ಏಳು. ಕೊನೆಗೆ ಉಳಿದ ಕವಲಿನಲ್ಲಿ ಐದಕ್ಕೆ ನಿಂತಿತು, ಅಷ್ಟೇ. ಬಾವಲಿಯ ರೆಕ್ಕೆಯಲ್ಲೂ ಡಾಲ್ಫಿನ್ನಿನ ಈಜುರೆಕ್ಕೆಯ ಒಳಗೂ ಅದೇ ಐದು. ಅದು ನಮ್ಮ ಮನೆತನದ ಗುರುತು. ಬೇರೆ ಯಾವುದೋ ನಕ್ಷತ್ರದ ಹತ್ತಿರ ಹುಟ್ಟಿದ ಜೀವಿಗೆ ಅದು ಎಲ್ಲಿಂದ ಬಂತು? ನಮ್ಮ ಮೀನಜ್ಜ ಅಲ್ಲಿಗೂ ಹೋಗಿದ್ದನಾ?

ಇವತ್ತು ಭಾನುವಾರ. ಇವರು ಮಾರ್ಕೆಟ್‌ನಿಂದ ಬೊಂಡಾಸ್, ಅಂದರೆ ಸ್ಕ್ವಿಡ್, ತಂದಿದ್ದರು. ನಮ್ಮನೆಯಲ್ಲಿ ಅದನ್ನು ಕ್ಲೀನ್ ಮಾಡೋದು ನಾನೇ. ತಲೆ ಹಿಡಿದು ಮೆಲ್ಲಗೆ ಎಳೆದರೆ ಒಳಗಿನದೆಲ್ಲ ಒಟ್ಟಿಗೆ ಬಂದುಬಿಡುತ್ತದೆ. ಆಮೇಲೆ ಮೈಯೊಳಗೆ ಬೆರಳು ಹಾಕಿದರೆ ಪ್ಲಾಸ್ಟಿಕ್ ಪಟ್ಟಿಯಂಥ ತೆಳುವಾದ ಒಂದು ಗರಿ ಸಿಗುತ್ತದೆ. ಇದರ ಪೂರ್ವಜರಿಗಿದ್ದ ಚಿಪ್ಪಿನಲ್ಲಿ ಉಳಿದದ್ದು ಅಷ್ಟೇ. ತೋಳುಗಳ ಬುಡ ಒತ್ತಿದರೆ ಗಿಳಿಯದರಂಥ ಕಪ್ಪು ಕೊಕ್ಕು ಪುಳಕ್ಕನೆ ಹೊರಬರುತ್ತದೆ. ಹೃದಯ ಮೂರು. ರಕ್ತದಲ್ಲಿ ಕಬ್ಬಿಣದ ಕೆಲಸ ಮಾಡುವುದು ತಾಮ್ರ, ಹಾಗಾಗಿ ಆಮ್ಲಜನಕ ಸೇರಿದಾಗ ನೀಲಿ. ಅನ್ನನಾಳ ಹಾದು ಹೋಗುವುದು ಮಿದುಳಿನ ನಡುವಿನಿಂದ! ಏನೇ ತಿಂದರೂ ಕೊಕ್ಕಿನಲ್ಲಿ ಸಣ್ಣಗೆ ಕತ್ತರಿಸಿಯೇ ನುಂಗಬೇಕು.

ಮಗಳನ್ನು ಕರೆದು ತೋರಿಸಿದೆ. ಆ ಗರಿಯನ್ನು ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು, ತುಂಬಾ ಹೊತ್ತು ನೋಡುತ್ತಾ ನಿಂತಳು. ನಿನ್ನೆಯ ಎರಡು ಗಂಟೆ ಸಿನಿಮಾದಲ್ಲಿ ಒಂದು ಸಲವೂ ಅವಳ ಮುಖ ಹಾಗೆ ಆಗಿರಲಿಲ್ಲ.

ವಿಕಾಸ ಒಂದೇ ಉತ್ತರಕ್ಕೆ ಮತ್ತೆ ಮತ್ತೆ ಬರುತ್ತದಲ್ಲ ಅಂತ ಕೆಲವರು ಕೇಳುತ್ತೀರಿ. ಗೊತ್ತು. ಶಾರ್ಕ್, ಡಾಲ್ಫಿನ್, ಹಳೇ ಕಾಲದ ಸಮುದ್ರ ಸರೀಸೃಪ ಇಕ್ತಿಯೊಸಾರ್ ನೋಡೋಕೆ ಒಂದೇ ತರ. ನೀರು ಸೀಳಿಕೊಂಡು ಹೋಗಬೇಕಾದರೆ ಆ ಆಕಾರವೇ ಬೇಕು. ಬೊಂಡಾಸ್‌ನ ಕಣ್ಣಿಗೂ ನಮ್ಮ ಹಾಗೇ ಲೆನ್ಸ್ ಇದೆ. ಆದರೆ ನಮ್ಮ ಕಣ್ಣಲ್ಲಿ ನರಗಳು ರೆಟಿನಾದ ಮುಂದೆ ಹಾದು ಒಂದು ಕುರುಡು ಚುಕ್ಕೆ ಬಿಟ್ಟಿವೆ, ಅದರಲ್ಲಿ ನರಗಳು ಹಿಂದಿನಿಂದ ಹೋಗುತ್ತವೆ, ಕುರುಡು ಚುಕ್ಕೆಯೇ ಇಲ್ಲ. ಕೆಲಸ ಒಂದೇ ಆದರೂ ಹೆಣಿಗೆ ಬೇರೆ. ಅದೂ ಅಲ್ಲದೆ, ಎರಡು ಕಾಲ ಮೇಲೆ ನೆಟ್ಟಗೆ ನಿಂತ, ಬಾಲವಿಲ್ಲದ, ದೊಡ್ಡ ತಲೆಯ ಪ್ರಾಣಿ ಭೂಮಿಯಲ್ಲೇ ಬಂದದ್ದು ಒಂದು ಸಲ. ಬೇರೆ ಎಲ್ಲ ಕಡೆಯೂ ಅದೇ ಬರುತ್ತದೆ ಅನ್ನೋದನ್ನು ನಾನು ಒಪ್ಪಲ್ಲ.

ಬಜೆಟ್ ಮಾತೂ ಬೇಡ. ಮನುಷ್ಯರೇ ವೇಷ ಹಾಕಬೇಕಾಗಿದ್ದ ಕಾಲಕ್ಕೆ ಅದು ಸರಿ. ಈಗ ಎಲ್ಲವೂ ಕಂಪ್ಯೂಟರಿನಲ್ಲೇ ಆಗುತ್ತದೆ. 1898ರಲ್ಲೇ ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 'ದಿ ವಾರ್ ಆಫ್ ದ ವರ್ಲ್ಡ್ಸ್' ಕಾದಂಬರಿಯಲ್ಲಿ ತಮ್ಮ ಮಂಗಳಜೀವಿಗಳಿಗೆ ಹದಿನಾರು ಬಳ್ಳಿತೋಳು ಕೊಟ್ಟಿದ್ದರು. ಅವಕ್ಕೆ ಕರುಳಿಲ್ಲ, ಬೇರೆ ಪ್ರಾಣಿಗಳ ರಕ್ತವನ್ನು ನೇರವಾಗಿ ತಮ್ಮ ರಕ್ತನಾಳಕ್ಕೇ ಹರಿಸಿಕೊಳ್ಳುತ್ತವೆ. ವೆಲ್ಸ್ ಟಿ. ಎಚ್. ಹಕ್ಸ್ಲಿಯವರ ಹತ್ತಿರ ಜೀವಶಾಸ್ತ್ರ ಕಲಿತವರು, ಅದು ಪುಟಪುಟದಲ್ಲೂ ಕಾಣುತ್ತದೆ. 2016ರ 'ಅರೈವಲ್' ಸಿನಿಮಾದ ಜೀವಿಗಳಿಗೆ ಏಳು ಕಾಲು. ಅವು ಬರೆಯುವುದೂ ಸಾಲಿನಲ್ಲಿ ಅಲ್ಲ, ವೃತ್ತದಲ್ಲಿ. ನೋಡಿದ ದಿನ ಖುಷಿಗೆ ನನಗೆ ನಿದ್ದೆ ಬಂದಿರಲಿಲ್ಲ.

ಇಷ್ಟೆಲ್ಲ ಬೈಯುವ ನಾನು ಮಾಡಿದ್ದು ಕೇಳಿ. ತುಂಬಾ ವರ್ಷದ ಹಿಂದೆ ಒಬ್ಬ ಹುಡುಗ ಪ್ರಾಕ್ಟಿಕಲ್ ರೆಕಾರ್ಡಿನ ಕೊನೇ ಪುಟದಲ್ಲಿ ಒಂದು ಪ್ರಾಣಿ ಬರೆದಿದ್ದ. ಕಣ್ಣಿಲ್ಲ, ಬಾಯಿಲ್ಲ, ಮೈತುಂಬಾ ಸಣ್ಣ ಸಣ್ಣ ಕೂದಲು. ಕೆಳಗೆ ಪೆನ್ಸಿಲಿನಲ್ಲಿ "ಇದರ ಗ್ರಹದಲ್ಲಿ ಯಾವಾಗಲೂ ಕತ್ತಲೆ" ಅಂತ ಬರೆದಿದ್ದ. ನಾನು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು "ಬಾಯಿ ಎಲ್ಲಿ?" ಅಂತ ಬರೆದೆ. ಕ್ಲಾಸಿನ ಎದುರಿಗೇ ಕೊಟ್ಟೆ. ಮಕ್ಕಳು ನಕ್ಕರು. ಅವನು ರೆಕಾರ್ಡ್ ಮುಚ್ಚಿ ಬ್ಯಾಗಿಗೆ ಹಾಕಿಕೊಂಡ.

1977ರಲ್ಲಿ ಗಲಪಗೋಸ್ ದ್ವೀಪಗಳ ಹತ್ತಿರ ಸಮುದ್ರದ ತಳದಲ್ಲಿ ಬಿಸಿನೀರಿನ ಬುಗ್ಗೆಗಳು ಸಿಕ್ಕವು. ಅಲ್ಲಿ ಆಳೆತ್ತರದ ಕೊಳವೆಹುಳುಗಳಿದ್ದವು. ಬಿಸಿಲೇ ಕಾಣದ ಜಾಗ. ಬೆಳೆದ ಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಮೈಯೊಳಗಿನ ಬ್ಯಾಕ್ಟೀರಿಯಾಗಳು ಬುಗ್ಗೆಯ ಗಂಧಕದಿಂದ ಶಕ್ತಿ ಪಡೆದು ಅದನ್ನು ಸಾಕುತ್ತವೆ. ಗೆರೆ ಎಳೆದ ದಿನವೂ ನನಗೆ ಇದು ಗೊತ್ತಿತ್ತು. ಮೊದಲು ಗ್ರಹ, ಆಮೇಲೆ ಮೈ ಅಂತ ಆ ಹುಡುಗ ಸರಿಯಾಗೇ ಯೋಚಿಸಿದ್ದ.

ನನ್ನ ಹಳೇ ವಿದ್ಯಾರ್ಥಿಗಳು ಸುಮಾರು ಜನ ಇಲ್ಲಿದ್ದೀರಿ. ನೀನೂ ಇದ್ದರೆ, ನಿನಗೆ ಗೊತ್ತಾಗುತ್ತದೆ ಇದು ನಿನಗೇ ಅಂತ. ಆ ಪ್ರಾಣಿ ಹೇಗೆ ಬದುಕುತ್ತಿತ್ತು ಅಂತ ಹೇಳಪ್ಪ. ಅವತ್ತು ನಾನು ಕೇಳಲೇ ಇಲ್ಲ.